ಗಿಡಹೇನು ಕಂಡ ತಕ್ಷಣ ಔಷಧಿ ಹೊಡೆಯಬೇಡಿ
ಎಳೆ ಚಿಗುರಿಗೆ ಹೇನು ಮುತ್ತಿದ್ದರೆ ಮೊದಲು ಎಲೆ ಮಗುಚಿ ನೋಡಿ. ಕಪ್ಪು ಮೈ, ಕಿತ್ತಳೆ ಚುಕ್ಕೆ, ಪುಟ್ಟ ಮೊಸಳೆಯ ಹಾಗಿರುವ ಹುಳ ಓಡಾಡುತ್ತಿದೆಯಾ? ಅದು ಗುಲಗಂಜಿ ಹುಳದ ಮರಿ. ಪೀಡೆ ಅಂದುಕೊಂಡು ಎಷ್ಟೋ ಜನ ಇದನ್ನೇ ಹೊಸಕಿ ಹಾಕುತ್ತಾರೆ, ನಿಜಕ್ಕೂ ಬೇಜಾರಾಗುತ್ತದೆ. ದೊಡ್ಡದಾಗುವಷ್ಟರಲ್ಲಿ ಅದೊಂದೇ ನೂರಾರು ಹೇನು ತಿಂದು ಮುಗಿಸುತ್ತದೆ. ಉಬ್ಬಿ, ಕಂದುಬಣ್ಣಕ್ಕೆ ತಿರುಗಿ, ಅಲ್ಲಾಡದೆ ಅಂಟಿಕೊಂಡ ಹೇನುಗಳೂ ಕಾಣಬಹುದು. ಅವುಗಳ ಒಳಗೆ ಪುಟಾಣಿ ಕಣಜದ ಮರಿ ಬೆಳೆಯುತ್ತಿರುತ್ತದೆ. ಅವನ್ನೂ ಕೀಳಬೇಡಿ. ಹೊರಬಂದ ಕಣಜ ಇನ್ನಷ್ಟು ಹೇನುಗಳಲ್ಲಿ ಮೊಟ್ಟೆಯಿಡುತ್ತದೆ. ಔಷಧಿ ಬಿದ್ದರೆ ಇವೆಲ್ಲ ಸಾಯುತ್ತವೆ, ಹೇನು ಮಾತ್ರ ಬೇಗ ವಾಪಸ್ ಬರುತ್ತದೆ.

ಕಾಂಡದ ಮೇಲೆ ಇರುವೆ ಸಾಲು ಇದ್ದರೆ ಅದನ್ನು ತಡೆಯಿರಿ. ಹೇನು ಸುರಿಸುವ ಸಿಹಿ ಅಂಟಿನ ಆಸೆಗೆ ಇರುವೆಗಳು ಕಾವಲು ನಿಂತು ಗುಲಗಂಜಿ ಹುಳವನ್ನು ಓಡಿಸುತ್ತವೆ. ಕಾಂಡಕ್ಕೆ ಕಾಗದ ಸುತ್ತಿ, ಅದರ ಮೇಲೆ ಅಂಟು ಬಳಿಯಿರಿ. ಪಕ್ಕದ ಗಿಡದ ಕೊಂಬೆ ತಾಗುತ್ತಿದ್ದರೆ ಇರುವೆ ಅಲ್ಲಿಂದಲೇ ದಾಟುತ್ತದೆ, ಅದನ್ನೂ ಕತ್ತರಿಸಿ.

ಬೆಚ್ಚಗಿನ ದಿನಗಳಲ್ಲಿ ಹೆಣ್ಣು ಹೇನು ಗಂಡಿಲ್ಲದೆಯೇ ಮರಿ ಹಾಕುತ್ತದೆ. ಆ ಮರಿ ವಾರ, ಹತ್ತು ದಿನದಲ್ಲೇ ತಾಯಾಗುತ್ತದೆ. ಹೇನು ಇಷ್ಟು ಬೇಗ ಹೆಚ್ಚುವುದರಿಂದ ಅದನ್ನು ತಿನ್ನುವ ಹುಳಗಳು ಅದಕ್ಕೆ ಸಾಟಿಯಾಗುವಷ್ಟು ಹೆಚ್ಚುವುದು ಸ್ವಲ್ಪ ತಡವೇ. ಅಲ್ಲಿಯವರೆಗೆ ಗುಲಗಂಜಿ ಮರಿ ಇಲ್ಲದ ಚಿಗುರಿಗೆ ನೀರನ್ನು ರಭಸವಾಗಿ ಹಾಯಿಸಿ ಹೇನು ಉದುರಿಸುತ್ತಿರಿ.