ಶಾಂತಿಪಾಲನಾ ಪಡೆ ಇದ್ದಲ್ಲಿ ಸಾವು ತಗ್ಗಿತೇ? ಮಾಲಿಯ ಅಂಕಿಅಂಶ ಹಿಡಿದು ಲೆಕ್ಕ ಹಾಕುವ ಬಗೆ

ಪಶ್ಚಿಮ ಆಫ್ರಿಕಾದ ಮಾಲಿ ದೇಶದ ಗಾವೋ, ಮೆನಾಕಾ, ಮೊಪ್ತಿ ಪ್ರಾಂತ್ಯಗಳಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಇತ್ತು, ಜನ ಸತ್ತದ್ದೂ ಅಲ್ಲೇ ಹೆಚ್ಚು. ಇಷ್ಟನ್ನೇ ನೋಡಿ ಪಡೆಯಿಂದ ಪ್ರಯೋಜನವಿಲ್ಲ ಎಂದುಬಿಟ್ಟರೆ ಲೆಕ್ಕ ಮೊದಲ ಹೆಜ್ಜೆಯಲ್ಲೇ ತಪ್ಪುತ್ತದೆ. ಗುಂಡು ಹಾರುವ ಕಡೆಗೇ ತಾನೆ ಪಡೆಯನ್ನು ಕಳಿಸುವುದು? ರಾಜ್ಯಶಾಸ್ತ್ರಜ್ಞೆ ವರ್ಜೀನಿಯಾ ಪೇಜ್ ಫೋರ್ಟ್ನಾ ಈ ತೊಡಕನ್ನು ಲೆಕ್ಕಕ್ಕೆ ಹಿಡಿದು ನೋಡಿದಾಗ, ಪಡೆ ಹೋದ ದೇಶಗಳಲ್ಲಿ ಯುದ್ಧ ಮರುಕಳಿಸುವ ಸಾಧ್ಯತೆ ಸ್ಪಷ್ಟವಾಗಿ ಇಳಿದಿತ್ತು. ಈಚಿನ ಸಂಶೋಧನೆ ದೇಶದ ಮಟ್ಟದಿಂದ ಊರಿನ ಮಟ್ಟಕ್ಕೆ ಇಳಿದಿದೆ. ಆ ಬಗೆಯ ಲೆಕ್ಕವನ್ನು ನೀವೂ ಮಾಡಬಹುದು.

ಎರಡು ಕಡತ ಬೇಕು, ಎರಡೂ ಉಚಿತ. ಸಾವುಗಳಿಗೆ ಸ್ವೀಡನ್ನಿನ ಉಪ್ಸಲಾ ವಿಶ್ವವಿದ್ಯಾಲಯದ ಘಟನಾವಾರು ಕಡತ, ಅಂದರೆ ಯುಸಿಡಿಪಿ ಜಿಇಡಿ. ಪಡೆಯ ನೆಲೆಗಳಿಗೆ ಜಿಯೋ-ಪಿಕೆಒ, ವಿಶ್ವಸಂಸ್ಥೆಯ ನಿಯೋಜನಾ ನಕ್ಷೆಗಳನ್ನು ಓದಿ ಕಟ್ಟಿದ ಪಟ್ಟಿ ಅದು. ಮಾಲಿಯಲ್ಲಿ ವಿಶ್ವಸಂಸ್ಥೆಯ ಪಡೆ ಕೆಲಸ ಶುರುಮಾಡಿದ್ದು 2013ರ ಜುಲೈನಲ್ಲಿ, ಆದ್ದರಿಂದ 2012ರಿಂದ ಸಾಲುಗಳನ್ನು ತೆಗೆದುಕೊಳ್ಳಿ. ಹಿಂದಿನ ಸ್ಥಿತಿ ಗೊತ್ತಿಲ್ಲದೆ ಹೋಲಿಕೆ ಸಾಧ್ಯವಿಲ್ಲ. ಜಿಯೋ-ಪಿಕೆಒ ಯಾವ ತಿಂಗಳಿಗೆ ನಿಲ್ಲುತ್ತದೋ ಅಲ್ಲಿಗೇ ಸಾವಿನ ಲೆಕ್ಕವನ್ನೂ ನಿಲ್ಲಿಸಿ.

ನಾಗರಿಕರ ಹತ್ಯೆ ಬೇಕಿದ್ದರೆ ಹಿಂಸೆಯ ಬಗೆಯ ಕಾಲಂನಲ್ಲಿ 3 ಎಂದಿರುವ ಸಾಲುಗಳನ್ನು ಮಾತ್ರ ಉಳಿಸಿ. 1 ಎಂದರೆ ಸರ್ಕಾರ ಒಂದು ಪಕ್ಷವಾಗಿರುವ ಕಾಳಗ, 2 ಎಂದರೆ ಸರ್ಕಾರೇತರ ಗುಂಪುಗಳ ನಡುವಿನದು. ಸಾವಿನ ಸಂಖ್ಯೆಗೆ 'ಬೆಸ್ಟ್' ಕಾಲಂ, ಅಂದರೆ ಹೆಚ್ಚು ನಂಬಬಹುದಾದ ಅಂದಾಜು ಹಿಡಿಯಿರಿ. ಆಮೇಲೆ ಕನಿಷ್ಠ, ಗರಿಷ್ಠ ಅಂದಾಜುಗಳಿರುವ 'ಲೋ' ಮತ್ತು 'ಹೈ' ಕಾಲಂಗಳಿಂದಲೂ ಅದೇ ಲೆಕ್ಕ ಮಾಡಿ ಫಲಿತಾಂಶ ನಿಲ್ಲುತ್ತದೆಯೇ ನೋಡಿ.

ಮುಂದಿನ ಕಾಲಂ 'ವೇರ್_ಪ್ರೆಕ್', ಸ್ಥಳ ಎಷ್ಟು ಖಚಿತ ಎಂಬುದರ ಗುರುತು. 1 ಎಂದರೆ ನಿಖರ ಜಾಗ, 2 ಎಂದರೆ ಸುಮಾರು 25 ಕಿ.ಮೀ. ಒಳಗೆ, 3 ಎಂದರೆ ಜಿಲ್ಲೆ ಮಾತ್ರ ಗೊತ್ತು. ಮಾಲಿಯ ಜಿಲ್ಲೆಗಳು ಬಹಳ ದೊಡ್ಡವು. ಜಿಲ್ಲೆ ಮಾತ್ರ ಗೊತ್ತಿರುವ ಘಟನೆಗಳನ್ನೆಲ್ಲ ಕಡತದಲ್ಲಿ ಒಂದೇ ಬಿಂದುವಿಗೆ ಹಚ್ಚಿರುತ್ತಾರೆ. ಆ ಬಿಂದು ನೆಲೆಯ ಹತ್ತಿರ ಬಿದ್ದರೆ ದೂರದ ಹಳ್ಳಿಯ ಸಾವೂ ಪಡೆಯ ಬಾಗಿಲಲ್ಲೇ ಆದಂತೆ ಕಾಣುತ್ತದೆ. 1 ಮತ್ತು 2 ಸಾಕು, ಉಳಿದದ್ದನ್ನು ಬಿಡಿ.

ಈಗ ದೇಶವನ್ನು ಚೌಕಗಳಾಗಿ ಒಡೆಯಬೇಕು. ಅದಕ್ಕೆ ಪ್ರಿಯೋ-ಗ್ರಿಡ್ ಎಂಬ ಸಿದ್ಧ ಚೌಕಜಾಲವಿದೆ, ಅದರ ಚೌಕದ ಬದಿ ಅರ್ಧ ಡಿಗ್ರಿ, ಹತ್ತಿರಹತ್ತಿರ 55 ಕಿ.ಮೀ. ಮೊದಲು ಮಾಲಿಯ ಎಲ್ಲ ಚೌಕಗಳಿಗೂ ಎಲ್ಲ ತಿಂಗಳುಗಳಿಗೂ ಒಂದೊಂದು ಖಾಲಿ ಸಾಲು ಮಾಡಿ, ಆಮೇಲೆ ಸಾವುಗಳನ್ನು ತುಂಬಿ, ಉಳಿದ ಕಡೆ 0 ಬರೆಯಿರಿ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲೇ. ಘಟನೆಯ ಕಡತದಲ್ಲಿ ಶಾಂತವಾಗಿದ್ದ ತಿಂಗಳಿಗೆ ಸಾಲೇ ಇರುವುದಿಲ್ಲ. ಅದನ್ನು ಸೇರಿಸದಿದ್ದರೆ ಪಡೆ ತಡೆದ ಸಾವು ಲೆಕ್ಕಕ್ಕೇ ಬಾರದು.

ಪಡೆಯ ಸಂಖ್ಯೆಗೆ ಭದ್ರತಾ ಮಂಡಳಿಯ ನಿರ್ಣಯ ನೋಡಬೇಡಿ. 2016ರ 2295ನೇ ನಿರ್ಣಯದಲ್ಲಿರುವ 13,289 ಸೈನಿಕರು ಎಂಬುದು ಮಿತಿ, ನೆಲದ ಮೇಲಿದ್ದ ಸಂಖ್ಯೆಯಲ್ಲ. ಜಿಯೋ-ಪಿಕೆಒದ ಸಂಖ್ಯೆಯನ್ನೇ ಹಿಡಿಯಿರಿ, ಆದರೆ ಅದರ ಮೂಲವಾದ ನಕ್ಷೆ ಪ್ರತಿ ತಿಂಗಳೂ ಬರುವುದಿಲ್ಲ. ನಡುವಿನ ತಿಂಗಳುಗಳಿಗೆ ಹಿಂದಿನ ಸಂಖ್ಯೆಯನ್ನೇ ಎಳೆದಾಗ ಪಕ್ಕದಲ್ಲಿ ಗುರುತು ಹಾಕಿಡಿ. ಗಸ್ತು ತಿರುಗುವ ಕಾಲಾಳು ತುಕಡಿಯನ್ನು ಎಂಜಿನಿಯರ್, ವೈದ್ಯಕೀಯ ತುಕಡಿಗಳ ಜತೆ ಕೂಡಿಸಬೇಡಿ. ಸೈನಿಕರು, ಪೊಲೀಸರು, ವೀಕ್ಷಕರು ಬೇರೆಬೇರೆ ಇರಲಿ: ಸಂಶೋಧಕರಾದ ಹಲ್ಟ್‌ಮನ್, ಕ್ಯಾಥ್‌ಮನ್, ಶ್ಯಾನನ್ 2013ರಲ್ಲಿ ತೋರಿಸಿದಂತೆ ಸೈನಿಕರೂ ಪೊಲೀಸರೂ ಹೆಚ್ಚಿದಷ್ಟು ನಾಗರಿಕರ ಹತ್ಯೆ ಇಳಿಯುತ್ತದೆ, ವೀಕ್ಷಕರಿಂದ ಆ ಪರಿಣಾಮ ಕಾಣುವುದಿಲ್ಲ. ಪಡೆಯ ಕೆಲಸವೂ ದೇಶದಿಂದ ದೇಶಕ್ಕೆ ಬೇರೆ, ಆದ್ದರಿಂದ ಬೇರೆ ದೇಶಗಳನ್ನು ಯೋಚಿಸದೆ ಸೇರಿಸಬಾರದು. ಕೊಡಗಿನ ಜನರಲ್ ತಿಮ್ಮಯ್ಯನವರು 1964–65ರಲ್ಲಿ ಮುನ್ನಡೆಸಿದ ಸೈಪ್ರಸ್ ಪಡೆಯ ಕೆಲಸ ಎರಡು ಸಮುದಾಯಗಳು ಮತ್ತೆ ಕೈಕೈ ಮಿಲಾಯಿಸದಂತೆ ತಡೆಯುವುದು. ಮಾಲಿಯಲ್ಲಿ ಹತ್ತಾರು ಸಶಸ್ತ್ರ ಗುಂಪುಗಳ ನಡುವೆ ನಾಗರಿಕರನ್ನು ಕಾಯಬೇಕಿತ್ತು.

ಹೋಲಿಸುವಾಗ ಹಿಂದಿನ ತಿಂಗಳ ಪಡೆಯನ್ನು ಈ ತಿಂಗಳ ಸಾವಿನೊಂದಿಗೆ ಇಟ್ಟು ನೋಡಿ. ಪಡೆ ಬರುವ ಮುಂಚಿನ ಆರು ತಿಂಗಳಲ್ಲಿ ಅಷ್ಟೇ ಹಿಂಸೆ ಕಂಡ, ಆದರೆ ಪಡೆ ಬಾರದ ಚೌಕವನ್ನೇ ಜೋಡಿಯಾಗಿ ಆರಿಸಿ. ಗಾವೋದಲ್ಲಿ ಫ್ರೆಂಚರ ಬರ್ಖಾನ್ ಎಂಬ ಸೇನಾ ಕಾರ್ಯಾಚರಣೆಯ ನೆಲೆಯೂ ಇತ್ತು. ಅದಕ್ಕೆ ಪ್ರತ್ಯೇಕ ಕಾಲಂ ಕೊಡದಿದ್ದರೆ ಒಬ್ಬರ ಫಲ ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ.

ಕೊಂದವರು ಯಾರು ಎಂಬುದನ್ನು ಬೇರ್ಪಡಿಸದ ಲೆಕ್ಕ ಅರ್ಧ ಲೆಕ್ಕ. ಸ್ಥಳೀಯ ನೆಲೆಗಳು ಬಂಡುಕೋರರ ಕೈ ತಡೆಯುತ್ತವೆ, ಸರ್ಕಾರದ ಪಡೆಗಳ ಕೈ ತಡೆಯುವಲ್ಲಿ ಸೋಲುತ್ತವೆ ಎಂಬುದು ಫ್ಯೆಲ್ದೆ, ಹಲ್ಟ್‌ಮನ್, ನಿಲ್ಸನ್ ಅವರ 2019ರ ಸಂಶೋಧನೆ. ಆತಿಥೇಯ ಸರ್ಕಾರದ ಒಪ್ಪಿಗೆಯಿಂದಲೇ ಪಡೆ ಅಲ್ಲಿ ನಿಂತಿರುತ್ತದೆ. 2022ರ ಮಾರ್ಚ್ ಕೊನೆಯಲ್ಲಿ ಮೊಪ್ತಿ ಪ್ರಾಂತ್ಯದ ಮೌರಾದಲ್ಲಿ ಮಾಲಿಯ ಸೇನೆ ಮತ್ತು ಅದರ ಜತೆಗಿದ್ದ ವಿದೇಶಿ ಯೋಧರು ಕನಿಷ್ಠ 500 ಜನರನ್ನು ಕೊಂದರು ಎಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಕಚೇರಿ ವರದಿ ಮಾಡಿತು. ತನಿಖೆಗೆ ಆ ಊರೊಳಗೆ ಹೋಗಲು ಸರ್ಕಾರ ಬಿಡಲಿಲ್ಲ. ನಿಮ್ಮ ಅವಧಿ 2022ನ್ನು ಮುಟ್ಟಿದರೆ ಈ ಒಂದು ಘಟನೆಯೇ ಇಡೀ ಸರಾಸರಿಯನ್ನು ಎಳೆದಾಡುತ್ತದೆ. ಅದನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ, ಎರಡನ್ನೂ ಓದುಗರ ಮುಂದಿಡಿ.

ವರದಿಯಾಗದ ಸಾವುಗಳ ವಿಚಾರಕ್ಕೆ ಪೂರ್ತಿ ಪರಿಹಾರವಿಲ್ಲ. ಪಡೆಯ ಜತೆ ಮಾನವ ಹಕ್ಕುಗಳ ಸಿಬ್ಬಂದಿಯೂ ಇರುವುದರಿಂದ ಅಲ್ಲಿನ ಸಾವು ದಾಖಲಾಗುತ್ತದೆ, ಯಾರೂ ಇಲ್ಲದ ಚೌಕದ್ದು ಕೈಬಿಟ್ಟುಹೋಗುತ್ತದೆ. 2023ರ ಡಿಸೆಂಬರ್ 31ಕ್ಕೆ ಪಡೆ ಮಾಲಿಯಿಂದ ಹೊರಟಿತು. ಆಮೇಲಿನ ತಿಂಗಳುಗಳಲ್ಲಿ ಸಾವಿನ ಸಂಖ್ಯೆ ಇಳಿದಂತೆ ಕಂಡರೆ, ಆ ಸಾಲುಗಳ ಮೂಲ ಸುದ್ದಿ ಎಲ್ಲಿಂದ ಬಂದಿದೆ ಎಂಬ ಕಾಲಂ ತೆರೆದು ಓದದೆ ಅವನ್ನು ಹಳೆಯ ಪಟ್ಟಿಗೆ ಜೋಡಿಸಬೇಡಿ.