ಗೇಟಿನ ಮುಂದೆ ಕಾದ ಹೊತ್ತಿನ ಲೆಕ್ಕ

ದೂರದ ಊರುಗಳಿಗೆ ಲಾರಿಯಲ್ಲಿ ಸರಕು ಸಾಗಿಸುವುದು ನನ್ನ ವೃತ್ತಿ. ಇದರಲ್ಲಿ ನನ್ನನ್ನು ಅತಿ ಹೆಚ್ಚು ದಣಿಸುವುದು ಗೋದಾಮಿನ ಗೇಟಿನ ಮುಂದಿನ ಸರದಿ. ಬೆಳಿಗ್ಗೆ ಹೋದವನಿಗೆ ಲೋಡ್ ಸಿಗುವಾಗ ಸಂಜೆಯಾಗಿರುತ್ತದೆ. ಅಷ್ಟು ಹೊತ್ತು ಮಲಗಬಹುದಲ್ಲ ಎನ್ನುವವರಿದ್ದಾರೆ. ಮಲಗಲು ಆಗುವುದಿಲ್ಲ, ಸರದಿ ಆಗಾಗ ಒಂದು ಗಾಡಿಯಷ್ಟು ಸರಿಯುತ್ತದೆ, ಕಣ್ಣು ಮುಚ್ಚಿದರೆ ಹಿಂದಿನವನು ಮುಂದೆ ಹೋಗುತ್ತಾನೆ. ದುಡಿಮೆಯ ಹಣವೋ ಟ್ರಿಪ್ಪಿನ ಲೆಕ್ಕದಲ್ಲಿ. ಕಾದ ಹೊತ್ತಿಗೆ ಕಾಸಿಲ್ಲ, ಆದರೆ ಮಾಲು ತಲುಪಿಸುವ ಗಡುವು ಮಾತ್ರ ಕದಲುವುದಿಲ್ಲ. ಹಗಲೆಲ್ಲ ಕಾದವನು ರಾತ್ರಿಯೆಲ್ಲ ಓಡಿಸಬೇಕು.

ಸತತ 17 ಗಂಟೆ ಎಚ್ಚರವಿದ್ದವನ ಚುರುಕು, ರಕ್ತದಲ್ಲಿ ಶೇ 0.05 ಮದ್ಯ ಇರುವವನ ಮಟ್ಟಕ್ಕೆ ಇಳಿಯುತ್ತದೆ ಎಂದು ಸಂಶೋಧಕರು ಅಳೆದು ಹೇಳಿದ್ದಾರೆ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಮೂರು ಸೆಕೆಂಡು ತೂಕಡಿಸಿದರೆ ಲಾರಿ ಸುಮಾರು 67 ಮೀಟರ್ ತಾನಾಗಿ ಓಡಿರುತ್ತದೆ. ಘಾಟಿಯ ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲೇ ಇಳಿಯಬೇಕು, ಬ್ರೇಕನ್ನೇ ಒತ್ತುತ್ತಿದ್ದರೆ ಡ್ರಮ್ ಕಾದು ಹಿಡಿತ ತಪ್ಪುತ್ತದೆ ಎಂಬುದು ಪ್ರತಿಯೊಬ್ಬ ಚಾಲಕನಿಗೂ ಗೊತ್ತು. ನಿದ್ದೆಗೆಟ್ಟವನ ಕೈ ಆ ಗೇರ್ ಇಳಿಸಲು ತಡಮಾಡುತ್ತದೆ.

ಅನೇಕ ಕಾರ್ಖಾನೆಗಳು ಈಗ ಕಚ್ಚಾವಸ್ತುವನ್ನು ವಾರಗಟ್ಟಲೆ ಕೂಡಿಡದೆ, ಬೇಕಾದ ದಿನಕ್ಕೆ ಬೇಕಾದಷ್ಟನ್ನು ತರಿಸಿಕೊಳ್ಳುತ್ತವೆ. ಅವರ ದಾಸ್ತಾನು ನಮ್ಮ ಲಾರಿಗಳ ಮೇಲೆ ರಸ್ತೆಯಲ್ಲಿರುತ್ತದೆ. ಹಡಗಿನಲ್ಲಿ, ರೈಲಿನಲ್ಲಿ ಬಂದ ಸರಕೂ ಕೊನೆಗೆ ಲಾರಿ ಹತ್ತಿಯೇ ಅಂಗಡಿ ಮುಟ್ಟಬೇಕು. 2020ರಲ್ಲಿ ಊರಿಗೆ ಊರೇ ಬಾಗಿಲು ಹಾಕಿಕೊಂಡಾಗ ಔಷಧ, ಧಾನ್ಯ ಹೊತ್ತು ಓಡಿದ್ದು ಇವೇ ಗಾಡಿಗಳು. ಹೀಗೆ ದಾಸ್ತಾನಿನ ಖರ್ಚು ಉಳಿಸಿಕೊಂಡವರು ಚಾಲಕನ ನಿದ್ದೆಯ ಬೆಲೆಯನ್ನು ಎಲ್ಲಿಯೂ ಬರೆದಿಡುವುದಿಲ್ಲ. ಇದು ನನಗೆ ಅನ್ಯಾಯವೆಂದೇ ತೋರುತ್ತದೆ.

ಅದಕ್ಕೇ ನಾನು ಬರೆದಿಡಲು ತೊಡಗಿದೆ. ಗೇಟಿಗೆ ಬಂದ ಸಮಯ, ಒಳಗೆ ಬಿಟ್ಟ ಸಮಯ, ಲೋಡಿಂಗ್ ಶುರುವಾದದ್ದು, ಮುಗಿದದ್ದು, ಕಾಗದಪತ್ರ ಕೈಗೆ ಬಂದದ್ದು. ಎಲ್ಲವೂ ಒಂದು ಪುಸ್ತಕದಲ್ಲಿ. ಸಾಧ್ಯವಾದಲ್ಲಿ ಗೇಟಿನವರ ಸಹಿಯನ್ನು ಎಲ್‌ಆರ್ (ಸರಕಿನ ಜೊತೆ ಹೋಗುವ ಲಾರಿ ರಸೀದಿ) ಪ್ರತಿಯ ಮೇಲೆಯೇ ಹಾಕಿಸುತ್ತೇನೆ. ಕೊಡಲು ಒಪ್ಪದಿದ್ದರೆ ಗೇಟಿನ ಚೀಟಿಯ ಫೋಟೊ ತೆಗೆದು ಆಗಲೇ ಲಾರಿ ಮಾಲೀಕರಿಗೆ ಕಳುಹಿಸುತ್ತೇನೆ. ಸಂಜೆಗೆ ಕಳುಹಿಸಿದ ಫೋಟೊ ವಾದಕ್ಕೆ ದಾರಿ. ಆ ಕ್ಷಣದಲ್ಲಿ ಕಳುಹಿಸಿದ್ದಕ್ಕೆ ತೂಕವಿದೆ. ಲೋಡ್ ಒಪ್ಪುವ ಮೊದಲೇ ಎಷ್ಟು ಗಂಟೆ ಪುಕ್ಕಟೆ ಕಾಯಬೇಕು, ಆಮೇಲೆ ಕಾಯಿಸಿದ್ದಕ್ಕೆ ಕೊಡುವ ಹಾಲ್ಟಿಂಗ್ ಹಣ ಎಷ್ಟು, ಅದರಲ್ಲಿ ನನ್ನ ಪಾಲೆಷ್ಟು ಎಂದು ಮಾತಾಡಿಕೊಳ್ಳುತ್ತೇನೆ. ಮೊದಮೊದಲು ಮಾಲೀಕರಿಗೆ ಇದು ಹಿಡಿಸಲಿಲ್ಲ. ಸರಕಿನವರ ಮುಂದೆ ಇಡಲು ಕೈಯಲ್ಲೊಂದು ದಾಖಲೆ ಸಿಕ್ಕಿದ ಮೇಲೆ ಅವರೇ ಪುಸ್ತಕ ಕೇಳತೊಡಗಿದರು.

ಚಾಲಕನ ದುಡಿಮೆಯ ಹೊತ್ತಿಗೆ ಮಿತಿ ಬೇಕು ಎಂಬ ಮಾತಿಗೆ ಕಾನೂನೂ ಬೆಂಬಲವಾಗಿದೆ. ಭಾರತದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ಗಂಟೆಯ ಕೆಲಸವನ್ನು ಹೇಳಿತ್ತು. ಯುರೋಪಿನ ಒಕ್ಕೂಟದಲ್ಲಿ ನಾಲ್ಕೂವರೆ ಗಂಟೆ ಓಡಿಸಿದ ಮೇಲೆ 45 ನಿಮಿಷದ ವಿರಾಮ ಕಡ್ಡಾಯ. ಅಮೆರಿಕದಲ್ಲಿ ಕೆಲಸಕ್ಕೆ ಇಳಿದು 14 ಗಂಟೆಯಾದ ಮೇಲೆ ಸಾಮಾನ್ಯವಾಗಿ ಸರಕು ಲಾರಿ ಓಡಿಸುವಂತಿಲ್ಲ. ಗೇಟಿನಲ್ಲಿ ಕಾದದ್ದೂ ಆ 14ರೊಳಗೇ ಸೇರುತ್ತದೆ.

ನಿದ್ದೆಯ ವಿಷಯದಲ್ಲಿ ನಾನು ರಾಜಿಯಾಗುವುದಿಲ್ಲ. ನಡುರಾತ್ರಿ ಎರಡರಿಂದ ಬೆಳಗಿನ ಐದರವರೆಗೆ ಮೈ ತಾನಾಗಿ ನಿದ್ದೆ ಬೇಡುವ ಹೊತ್ತು; ಆಗ ಗಾಡಿ ನಿಲ್ಲಿಸಿರುತ್ತೇನೆ. ನಡುವೆ ಕಣ್ಣೆಳೆದರೆ 20 ನಿಮಿಷ ಮಲಗಿ, ಎದ್ದ ಕೂಡಲೇ ಸ್ಟೀರಿಂಗ್ ಹಿಡಿಯದೆ ಲಾರಿಯ ಸುತ್ತ ನಡೆದು ಟೈರು, ಹಗ್ಗ, ಟಾರ್ಪಾಲು ನೋಡುತ್ತೇನೆ. ಅಷ್ಟರಲ್ಲಿ ಮಂಪರು ಇಳಿದಿರುತ್ತದೆ.

ಲೆಕ್ಕ ಇಟ್ಟ ಮಾತ್ರಕ್ಕೆ ಎಲ್ಲ ಕಡೆ ಹಾಲ್ಟಿಂಗ್ ಸಿಗುವುದಿಲ್ಲ. ಆದರೆ ಯಾವ ಗೇಟು ಪ್ರತಿ ಸಲ ಕಾಯಿಸುತ್ತದೆ ಎಂಬುದು ಪುಸ್ತಕದಲ್ಲಿದೆ. ಅಲ್ಲಿಯ ಲೋಡ್ ಬಂದರೆ ಒಂದು ದಿನ ಹೆಚ್ಚಿನ ಗಡುವು ಕೇಳುತ್ತೇನೆ. ಕೊಡದಿದ್ದರೆ ಆ ಲೋಡ್ ಬಿಡುತ್ತೇನೆ.