ತಂಡದಿಂದ ಹೊರಗೆ, ಸಂಬಳ ಮಾತ್ರ ಪೂರ್ತಿ: ಬೇಸ್‌ಬಾಲ್‌ನ ವೇವರ್ಸ್ ಲೆಕ್ಕ ಅರ್ಥ ಮಾಡಿಕೊಳ್ಳುವುದು ಹೇಗೆ?

2021ರ ಮೇ 6ರಂದು ಲಾಸ್ ಏಂಜಲೀಸ್ ಏಂಜಲ್ಸ್ ತಂಡ ಆಲ್ಬರ್ಟ್ ಪೂಹೋಲ್ಸ್ ಅವರನ್ನು ಕೈಬಿಟ್ಟಿತು. ಅಷ್ಟು ಹೊತ್ತಿಗೆ ಅವರ ಹೆಸರಲ್ಲಿ 667 ಹೋಮ್‌ರನ್ (ಕ್ರಿಕೆಟ್ಟಿನ ಸಿಕ್ಸರ್‌ನಂಥ ಹೊಡೆತ) ಇದ್ದವು. ವಯಸ್ಸು 41. ಆ ವರ್ಷದ ಸಂಬಳ 3 ಕೋಟಿ ಡಾಲರ್. ಎರಡು ವಾರ ಕಳೆಯುವುದರೊಳಗೆ ಪಕ್ಕದ ಡಾಡ್ಜರ್ಸ್ ತಂಡ ಅವರನ್ನು ಸೇರಿಸಿಕೊಂಡಿತು. ಡಾಡ್ಜರ್ಸ್ ಕೊಟ್ಟಿದ್ದು ಲೀಗಿನ ಕನಿಷ್ಠ ಸಂಬಳದಲ್ಲಿ ಉಳಿದ ದಿನಗಳ ಪಾಲು ಮಾತ್ರ. ಮಿಕ್ಕ ದೊಡ್ಡ ಮೊತ್ತವನ್ನು ಕೊಟ್ಟವರು ಬೇಡ ಅಂದ ಏಂಜಲ್ಸ್‌ನವರೇ.

ಐಪಿಎಲ್ ನೋಡಿ ರೂಢಿಯಾದ ನಮಗೆ ಇದು ವಿಚಿತ್ರ ಅನಿಸುತ್ತದೆ. ಅಲ್ಲಿ ಸೀಸನ್ ಮುಗಿದ ಮೇಲೆ ಫ್ರಾಂಚೈಸಿ ಬಿಟ್ಟರೆ ಆಟಗಾರ ಮತ್ತೆ ಹರಾಜಿಗೆ ಹೋಗಬೇಕು. ಹಳೇ ಬೆಲೆಯ ಕಥೆ ಅಲ್ಲಿಗೇ ಮುಗಿಯಿತು. ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ಆಟಗಾರನ ಜಾಗ ಬೇರೆ, ದುಡ್ಡು ಬೇರೆ. ಜಾಗ ಒಂದೇ ದಿನದಲ್ಲಿ ಹೋಗಬಹುದು, ದುಡ್ಡು ಹೋಗುವುದಿಲ್ಲ. ಇದನ್ನು ಹಿಡಿದುಕೊಂಡರೆ ಮಿಕ್ಕಿದ್ದೆಲ್ಲ ಸುಲಭ.

ಮೊದಲ ಹೆಜ್ಜೆ: ಗ್ಯಾರಂಟಿ ಇರುವುದು ಯಾವುದಕ್ಕೆ ಅಂತ ನೋಡಿ

ಎಲ್ಲ ಆಟಗಾರರೂ ಸಹಿ ಹಾಕುವ ಒಂದು ಮಾಮೂಲಿ ಒಪ್ಪಂದದ ನಮೂನೆ ಇದೆ. ಅದರ ಪ್ರಕಾರ, ಆಟದ ಮಟ್ಟ ಸಾಲದು ಎಂದು ಹೇಳಿ ತಂಡ ಆಟಗಾರನನ್ನು ತೆಗೆದುಹಾಕಬಹುದು. ಗ್ಯಾರಂಟಿ ಅನ್ನುವುದು ಇದರ ಮೇಲೆ ಸೇರಿಸಿ ಬರೆಸಿಕೊಳ್ಳುವ ಮಾತು. ಫಾರ್ಮ್ ಹೋದರೂ, ಆಡುವಾಗ ಗಾಯವಾದರೂ ದುಡ್ಡು ಕೊಡುತ್ತೇವೆ ಎಂದು ತಂಡ ಅಲ್ಲಿ ಒಪ್ಪಿಕೊಳ್ಳುತ್ತದೆ. ಹಲವು ವರ್ಷಗಳ ದೊಡ್ಡ ಒಪ್ಪಂದಗಳಲ್ಲಿ ಇದು ಇದ್ದೇ ಇರುತ್ತದೆ. ಪೂಹೋಲ್ಸ್ 2011ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿದ್ದು ಹತ್ತು ವರ್ಷಕ್ಕೆ 24 ಕೋಟಿ ಡಾಲರ್.

ಗ್ಯಾರಂಟಿ ಇಲ್ಲದಿದ್ದರೆ ಏನಾಗುತ್ತದೆ? 2004ರ ಜನವರಿಯಲ್ಲಿ ಯಾಂಕೀಸ್ ತಂಡದ ಏರನ್ ಬೂನ್ ರಜೆಯಲ್ಲಿದ್ದಾಗ ಬಾಸ್ಕೆಟ್‌ಬಾಲ್ ಆಡಲು ಹೋಗಿ ಮೊಣಕಾಲು ಕೆಡಿಸಿಕೊಂಡರು. ಅವರ ಒಪ್ಪಂದ ಒಂದೇ ವರ್ಷದ್ದು, ಮೊತ್ತ 57.5 ಲಕ್ಷ ಡಾಲರ್, ಗ್ಯಾರಂಟಿ ಇರಲಿಲ್ಲ. ಒಪ್ಪಂದದಲ್ಲಿ ಬಾಸ್ಕೆಟ್‌ಬಾಲ್ ಆಡಬಾರದು ಎಂದೂ ಇತ್ತು. ತಂಡ ಒಂದು ತಿಂಗಳ ಸಂಬಳ ಕೊಟ್ಟು ಕಳಿಸಿತು. ಏನಾಯಿತು ಅಂತ ಬೂನ್ ಮುಚ್ಚಿಡದೆ ತಾವೇ ಹೇಳಿದ್ದರು. ಅದೇ ಬೂನ್ 2018ರಿಂದ ಯಾಂಕೀಸ್‌ನ ಮ್ಯಾನೇಜರ್.

ಗ್ಯಾರಂಟಿ ಇದ್ದರೂ ಆಟಗಾರ ತಾನಾಗಿಯೇ ನಿವೃತ್ತಿ ಹೇಳಿದರೆ ಉಳಿದ ಹಣ ಸಿಗುವುದಿಲ್ಲ. ಗಾಯಗೊಂಡ ಹಳೇ ಆಟಗಾರರು ವರ್ಷಗಟ್ಟಲೆ ನಿವೃತ್ತಿ ಘೋಷಿಸದೆ ಇರುವುದು ಇದಕ್ಕೇ. ಕಾನ್ಸಾಸ್ ಸಿಟಿ ರಾಯಲ್ಸ್‌ನ ಪಿಚರ್ (ಚೆಂಡೆಸೆಯುವ ಆಟಗಾರ) ಗಿಲ್ ಮೆಶ್ ಹಾಗೆ ಮಾಡಲಿಲ್ಲ. ಭುಜ ಕೈಕೊಟ್ಟಿತ್ತು. ಸುಮ್ನೆ ಪಟ್ಟಿಯಲ್ಲಿದ್ದಿದ್ದರೆ 2011ರಲ್ಲಿ 1.2 ಕೋಟಿ ಡಾಲರ್‌ಗೂ ಜಾಸ್ತಿ ಕೈಗೆ ಬರುತ್ತಿತ್ತು. ಆಡದೆ ದುಡ್ಡು ತೆಗೆದುಕೊಳ್ಳಲು ಮನಸ್ಸು ಒಪ್ಪದೆ ಅವರು ಆ ಜನವರಿಯಲ್ಲೇ ನಿವೃತ್ತರಾದರು. ಅವರ ಮೇಲೆ ನನಗೆ ತುಂಬಾ ಗೌರವವಿದೆ. ಹಾಗಂತ ಹಣ ತೆಗೆದುಕೊಂಡವರನ್ನು ತಪ್ಪು ಅನ್ನಲಾರೆ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡನೇ ಹೆಜ್ಜೆ: ಏಳು ದಿನದ ಗಡುವು

ಪ್ರತಿ ತಂಡಕ್ಕೂ 40 ಜನರ ಒಂದು ಪಟ್ಟಿ ಇರುತ್ತದೆ. ಅದರಲ್ಲಿ 26 ಜನ ಆಡುವ ತಂಡದಲ್ಲಿರುತ್ತಾರೆ. ಪಟ್ಟಿಯಲ್ಲಿ ತಕ್ಷಣ ಜಾಗ ಬೇಕಾದಾಗ ಒಬ್ಬನನ್ನು ‘ಡೆಸಿಗ್ನೇಟೆಡ್ ಫಾರ್ ಅಸೈನ್‌ಮೆಂಟ್’ ಎಂದು ಘೋಷಿಸುತ್ತಾರೆ. ಸುದ್ದಿಗಳಲ್ಲಿ ಬರುವ ಡಿಎಫ್‌ಎ ಇದೇ. ಆ ಕ್ಷಣದಿಂದ ಆತ ಪಟ್ಟಿಯಲ್ಲಿಲ್ಲ. ಆದರೆ ಇನ್ನೂ ಬಿಡುಗಡೆಯಾಗಿಲ್ಲ, ಸಂಬಳವೂ ನಿಂತಿಲ್ಲ. ಏಳು ದಿನದೊಳಗೆ ತಂಡ ಅವನನ್ನು ಬೇರೆ ತಂಡಕ್ಕೆ ಮಾರಬೇಕು, ವೇವರ್ಸ್‌ಗೆ ಹಾಕಬೇಕು (ಅದೇನೆಂದು ಮುಂದಿನ ಹೆಜ್ಜೆಯಲ್ಲಿದೆ), ಇಲ್ಲವೇ ಬಿಟ್ಟುಬಿಡಬೇಕು.

ಮಾರುವುದು ಅಷ್ಟು ಸಲೀಸಲ್ಲ. ಮೇಜರ್ ಲೀಗ್‌ನಲ್ಲಿ ಹತ್ತು ವರ್ಷ ಆಡಿ, ಕೊನೆಯ ಐದು ವರ್ಷ ಒಂದೇ ತಂಡದಲ್ಲಿದ್ದವರು ‘ನಾನು ಹೋಗಲ್ಲ’ ಅನ್ನಬಹುದು.

ಮೂರನೇ ಹೆಜ್ಜೆ: ವೇವರ್ಸ್ ಸಾಲು

ಎಲ್ಲರೂ ಎಡವುವುದು ಇಲ್ಲೇ. ವೇವರ್ಸ್‌ಗೆ ಹಾಕುವುದೆಂದರೆ ಉಳಿದ 29 ತಂಡಗಳಿಗೆ ‘ಇವನು ಬೇಕಾ?’ ಎಂದು ಕೇಳುವುದು. ಉತ್ತರಕ್ಕೆ ಎರಡು ದಿನ ಸಮಯ. ಒಂದಕ್ಕಿಂತ ಹೆಚ್ಚು ತಂಡಗಳು ಕೈ ಎತ್ತಿದರೆ, ಗೆಲುವಿನ ಪಟ್ಟಿಯಲ್ಲಿ ಕೆಳಗಿರುವ ತಂಡಕ್ಕೆ ಮೊದಲ ಹಕ್ಕು. ಆದರೆ ಆಟಗಾರನನ್ನು ತೆಗೆದುಕೊಂಡರೆ ಅವನ ಒಪ್ಪಂದವನ್ನೂ ಇಡಿಯಾಗಿ ತಲೆ ಮೇಲೆ ಹೊತ್ತುಕೊಳ್ಳಬೇಕು. ಚೌಕಾಸಿ ಇಲ್ಲ.

ಹಾಗಾಗಿ ಪೂಹೋಲ್ಸ್‌ಗೆ ಯಾರೂ ಕೈ ಎತ್ತಲಿಲ್ಲ. ಎತ್ತಿದ್ದರೆ 2 ಕೋಟಿ ಡಾಲರ್‌ಗೂ ಮೇಲೆ ಕೊಡಬೇಕಿತ್ತು. ಆ ಸೀಸನ್‌ನಲ್ಲಿ ಅವರ ಬ್ಯಾಟಿಂಗ್ ಸರಾಸರಿ .198ಕ್ಕೆ (ನೂರು ಪ್ರಯತ್ನಕ್ಕೆ ಇಪ್ಪತ್ತು ಹಿಟ್ ಕೂಡ ಇಲ್ಲ) ಇಳಿದಿತ್ತು. ಯಾರೂ ಬೇಡ ಅಂದರೆ ಆಟಗಾರ ವೇವರ್ಸ್ ದಾಟಿದ ಅನ್ನುತ್ತಾರೆ. ದೊಡ್ಡ ಸಂಬಳದ ಹಿರಿಯ ಆಟಗಾರನಿಗೆ ಇದು ಅವಮಾನವೇನಲ್ಲ, ಒಳ್ಳೆಯದೇ.

ಕೈ ಎತ್ತಿದವರೂ ಇದ್ದಾರೆ. 2009ರ ಆಗಸ್ಟ್‌ನಲ್ಲಿ ಟೊರಾಂಟೊ ಬ್ಲೂ ಜೇಸ್ ಅಲೆಕ್ಸ್ ರಿಯೋಸ್ ಅವರನ್ನು ವೇವರ್ಸ್‌ಗೆ ಹಾಕಿತು. ಶಿಕಾಗೊ ವೈಟ್ ಸಾಕ್ಸ್ ಹಕ್ಕು ಹೇಳಿತು. ಬದಲಿಗೆ ಒಬ್ಬ ಆಟಗಾರನನ್ನೂ ಕೇಳದೆ ಟೊರಾಂಟೊ ಬಿಟ್ಟುಕೊಟ್ಟಿತು. ಮುಂದಿನ ವರ್ಷಗಳ ಸುಮಾರು 6 ಕೋಟಿ ಡಾಲರ್ ಹೊರೆ ಇಳಿದರೆ ಸಾಕಾಗಿತ್ತು ಅವರಿಗೆ. 1998ರಲ್ಲಿ ಸ್ಯಾನ್ ಡಿಯಾಗೊ ಪಾಡ್ರೇಸ್‌ಗೆ ಇನ್ನೂ ದೊಡ್ಡ ಪೆಟ್ಟು ಬಿತ್ತು. ಪಿಚರ್ ರ‍್ಯಾಂಡಿ ಮೈಯರ್ಸ್ ಆಗ ಟೊರಾಂಟೊದಲ್ಲಿದ್ದರು. ಅವರು ಎದುರಾಳಿ ಅಟ್ಲಾಂಟಾ ಪಾಲಾಗದಿರಲಿ ಎಂದು ಪಾಡ್ರೇಸ್ ಹಕ್ಕು ಹೇಳಿತು. ಆ ಕಾಲದಲ್ಲಿ ಆಗಸ್ಟ್‌ನಲ್ಲಿ ಹೀಗೆ ಹಾಕಿದ ಆಟಗಾರನನ್ನು ತಂಡ ವಾಪಸ್ ಕರೆಸಿಕೊಳ್ಳಬಹುದಿತ್ತು. ಟೊರಾಂಟೊ ಕರೆಸಿಕೊಳ್ಳಲಿಲ್ಲ, ‘ತಗೊಳ್ಳಿ’ ಅಂದುಬಿಟ್ಟಿತು. ಮೈಯರ್ಸ್ ಆ ವರ್ಷದ ನಂತರ ಮೇಜರ್ ಲೀಗ್‌ನಲ್ಲಿ ಬೌಲ್ ಮಾಡಲೇ ಇಲ್ಲ. 1 ಕೋಟಿ ಡಾಲರ್‌ಗೂ ಹೆಚ್ಚು ಬಾಕಿ ಪಾಡ್ರೇಸ್ ಪಾಲಿಗೆ ಬಂತು. ವಾಪಸ್ ಕರೆಸಿಕೊಳ್ಳುವ ಆ ಪದ್ಧತಿ 2019ರಿಂದ ಇಲ್ಲ.

ಒಪ್ಪಂದದಲ್ಲಿ ಉಳಿದಿರುವುದು ಸ್ವಲ್ಪವೇ ಆದರೆ ಲೆಕ್ಕ ತಲೆಕೆಳಗು. 2023ರ ಆಗಸ್ಟ್ ಕೊನೆಗೆ ಏಂಜಲ್ಸ್ ಒಂದೇ ಸಲಕ್ಕೆ ಹಲವರನ್ನು ವೇವರ್ಸ್‌ಗೆ ಹಾಕಿತು. ಆಗ ಕ್ಲೀವ್‌ಲ್ಯಾಂಡ್ ಮೂವರು ಪಿಚರ್‌ಗಳನ್ನು ಎತ್ತಿಕೊಂಡಿತು. ಕೊಡಬೇಕಿದ್ದುದು ಒಂದು ತಿಂಗಳ ಸಂಬಳ ಮಾತ್ರ.

ನಾಲ್ಕನೇ ಹೆಜ್ಜೆ: ಎಷ್ಟು ವರ್ಷ ಆಡಿದ್ದಾನೆ?

ವೇವರ್ಸ್ ದಾಟಿದವನನ್ನು ತಂಡ ಕೆಳಹಂತದ ಮೈನರ್ ಲೀಗ್‌ಗೆ ಕಳಿಸಲು ನೋಡಬಹುದು. ಮೇಜರ್ ಲೀಗ್‌ನಲ್ಲಿ ಕಳೆದ 172 ದಿನಕ್ಕೆ ಒಂದು ಸರ್ವಿಸ್ ವರ್ಷ. ಮೂರು ವರ್ಷ ಆದವನು ಮೈನರ್ ಲೀಗ್ ಬೇಡ ಅನ್ನಬಹುದು, ಆದರೆ ಉಳಿದ ಸಂಬಳ ಬಿಡಬೇಕು. ಐದು ವರ್ಷ ಆದವನು ಬೇಡ ಅಂದರೂ ಪೂರ್ತಿ ಸಂಬಳ ಅವನದೇ. ಮೂರು ಮತ್ತು ಐದರ ನಡುವಿನ ಆಟಗಾರನೇ ನಿಜವಾಗಿ ಇಕ್ಕಟ್ಟಿನಲ್ಲಿರುವವನು. ಅವನ ಸುದ್ದಿ ಮಾತ್ರ ಮುಖಪುಟಕ್ಕೆ ಬರುವುದಿಲ್ಲ.

ಐದನೇ ಹೆಜ್ಜೆ: ಬಿಡುಗಡೆ, ಹೊಸ ತಂಡ

ಬಿಡುಗಡೆಯಾದವನು ಎಲ್ಲಿ ಬೇಕಾದರೂ ಸಹಿ ಹಾಕಬಹುದು. 2021ರಲ್ಲಿ ಕನಿಷ್ಠ ಸಂಬಳ ವರ್ಷಕ್ಕೆ 5,70,500 ಡಾಲರ್ ಇತ್ತು. ಡಾಡ್ಜರ್ಸ್ ಅದರಲ್ಲಿ ಉಳಿದ ದಿನಗಳಿಗೆ ಎಷ್ಟೋ ಅಷ್ಟು ಕೊಟ್ಟಿತು. ಆ ಸಣ್ಣ ಮೊತ್ತ ಏಂಜಲ್ಸ್‌ನ ಬಾಕಿಯಿಂದ ಕಳೆಯಿತು. ಹೆಚ್ಚು ಕೇಳಿದ್ದರೂ ಪೂಹೋಲ್ಸ್‌ಗೆ ಲಾಭವಿರಲಿಲ್ಲ. ಬಂದಷ್ಟೂ ಹಳೇ ತಂಡದ ಲೆಕ್ಕದಲ್ಲಿ ಕಡಿತವಾಗುತ್ತಿತ್ತು.

ಗ್ಯಾರಂಟಿಯಿಂದ ತಂಡಗಳು ಮುಳುಗುತ್ತವೆ ಎಂದು ದೂರುವವರು ಇದನ್ನು ನೋಡಬೇಕು. ದುಡ್ಡು ಬೇರೆಯವರ ಜೇಬಿನಿಂದ ಬರುತ್ತಿದ್ದುದರಿಂದಲೇ 41ರ ಆಟಗಾರನನ್ನು ಡಾಡ್ಜರ್ಸ್ ಹೆಚ್ಚು ಯೋಚಿಸದೆ ಸೇರಿಸಿಕೊಂಡಿತು. ಅಲ್ಲಿ ಅವರು 12 ಹೋಮ್‌ರನ್ ಹೊಡೆದರು. ಮರುವರ್ಷ ತಮ್ಮ ಹಳೇ ಸೇಂಟ್ ಲೂಯಿಸ್ ಕಾರ್ಡಿನಲ್ಸ್‌ಗೆ ಮರಳಿ ಇನ್ನೂ 24 ಹೊಡೆದರು. ಒಟ್ಟು 703. ಅವರಿಗಿಂತ ಮೊದಲು 700 ಮುಟ್ಟಿದವರು ಮೂವರೇ: ಬೇಬ್ ರೂತ್, ಹ್ಯಾಂಕ್ ಆರನ್, ಬ್ಯಾರಿ ಬಾಂಡ್ಸ್. ಪ್ಯಾಬ್ಲೊ ಸ್ಯಾಂಡೊವಾಲ್ ಕೂಡ ಹೀಗೆಯೇ 2017ರಲ್ಲಿ ಬಾಸ್ಟನ್ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೊಗೆ ಮರಳಿದರು, ಬಿಲ್ ಬಾಸ್ಟನ್‌ನದು.

ಹಣ ತೆಗೆದುಕೊಂಡವರನ್ನು ತಪ್ಪು ಅನ್ನಲಾರೆ ಅಂದೆನಲ್ಲ, ಕಾರಣ ಇದು. 2001ರಲ್ಲಿ ಪೂಹೋಲ್ಸ್ ಮೊದಲ ಸೀಸನ್‌ನಲ್ಲೇ 37 ಹೋಮ್‌ರನ್ ಹೊಡೆದು ಆ ವರ್ಷದ ಶ್ರೇಷ್ಠ ಹೊಸ ಆಟಗಾರನಾದರು. ಆಗ ಸಂಬಳ 2 ಲಕ್ಷ ಡಾಲರ್, ಅಂದಿನ ಕನಿಷ್ಠ. ಬೇಸ್‌ಬಾಲ್‌ನಲ್ಲಿ ಆರು ಸರ್ವಿಸ್ ವರ್ಷ ತುಂಬುವವರೆಗೆ ಆಟಗಾರ ಮುಕ್ತ ಮಾರುಕಟ್ಟೆಗೆ ಹೋಗುವಂತಿಲ್ಲ. ಮೈಯಲ್ಲಿ ಕಸುವು ಜಾಸ್ತಿ ಇರುವಾಗ ಕಡಿಮೆ ದುಡ್ಡು, ಇಳಿಗಾಲದಲ್ಲಿ ಹೆಚ್ಚು. ಕೊನೆಯ ವರ್ಷಗಳ ಸಂಬಳ ಹಳೇ ಬಾಕಿ ಅಂತಲೇ ನಾನು ಓದುತ್ತೇನೆ. 1975ರ ಡಿಸೆಂಬರ್‌ನಲ್ಲಿ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಎಂಬ ಇಬ್ಬರು ಪಿಚರ್‌ಗಳ ಪರವಾಗಿ ತೀರ್ಪು ಬರುವವರೆಗೆ ಅಷ್ಟೂ ಸಿಗುತ್ತಿರಲಿಲ್ಲ. ಒಮ್ಮೆ ಸಹಿ ಹಾಕಿದವನು ಮಾಲೀಕರು ಬಿಡುವವರೆಗೆ ಅದೇ ತಂಡಕ್ಕೆ ಕಟ್ಟುಬಿದ್ದಿದ್ದ.

ಮಾಲೀಕರು ಮತ್ತು ಆಟಗಾರರ ಸಂಘದ ಈಗಿನ ಒಪ್ಪಂದ 2026ರ ಡಿಸೆಂಬರ್ 1ಕ್ಕೆ ಮುಗಿಯುತ್ತದೆ. ಕನಿಷ್ಠ ಸಂಬಳವಾಗಲಿ, ಸರ್ವಿಸ್ ವರ್ಷಗಳ ನಿಯಮವಾಗಲಿ ಆಮೇಲೆ ಹೀಗೇ ಇರಬೇಕೆಂದಿಲ್ಲ. ಅಲ್ಲಿಂದ ಮುಂದಿನ ಡಿಎಫ್‌ಎ ಸುದ್ದಿಗಳನ್ನು ಓದುವಾಗ ಹೊಸ ಒಪ್ಪಂದದ ಸಂಖ್ಯೆಗಳನ್ನು ಒಮ್ಮೆ ನೋಡಿಕೊಳ್ಳಿ.